ಷೆಡ್ಡಿನಲ್ಲೇ ಉಳಿದ ಕಾರುಗಳು

ನೀಲಗಿರಿ ಜಿಲ್ಲೆಯಲ್ಲಿ ಕಾರು ಹಾಳಾಗುವ ಬಗೆ ಊರಿಂದೂರಿಗೆ ಬೇರೆ. ಉದಕಮಂಡಲ 2,240 ಮೀಟರ್ ಎತ್ತರದ ಊರು. ಅಲ್ಲಿ ಮಾಡಿನ ಅಡಿಯಲ್ಲಿ ನಿಲ್ಲಿಸಿದರೂ ಮಂಜಿಗೆ ತಗಡು ಬೆವರುತ್ತದೆ. ಗೂಡಲೂರು ಮುಂಗಾರಿನ ನೇರ ಹಾದಿಯಲ್ಲಿದೆ. ದೇವಾಲದ ಕಡೆಯ ಮಳೆಯ ಬಗ್ಗೆ ಹೇಳಬೇಕಾಗಿಲ್ಲ. ಅಲ್ಲಿ ತುಕ್ಕು ನೆಲದ ಕಡೆಯಿಂದ ಮೇಲೇರುತ್ತದೆ. ಘಟ್ಟದ ಆಚೆಗಿನ ಮಸಿನಗುಡಿ ಮಳೆನೆರಳಿನ ಒಣ ನಾಡು. ಅಲ್ಲಿ ತಗಡು ಎಷ್ಟೋ ಮಟ್ಟಿಗೆ ಉಳಿಯುತ್ತದೆ. ಟಯರು, ಬೀಡಿಂಗು, ಹೋಸ್ ಪೈಪುಗಳು ಬಿರಿಯುತ್ತವೆ, ಸೀಟಿನ ನಾರನ್ನು ಇಲಿ ಎಳೆದು ಗೂಡು ಕಟ್ಟುತ್ತದೆ. ಒಂದೇ ಕಾರ್ಖಾನೆಯ ಎರಡು ಕಾರುಗಳನ್ನು ಗೂಡಲೂರಿನಲ್ಲೊಂದು ಮಸಿನಗುಡಿಯಲ್ಲೊಂದು ಮೂವತ್ತು ವರ್ಷ ನಿಲ್ಲಿಸಿಟ್ಟರೆ, ಅವೆರಡು ಒಂದೇ ಜಾತಿಯವು ಎಂದು ನಂಬುವುದು ಕಷ್ಟ.

ನಾನು ಬ್ಯಾಂಕಿನ ಗುಮಾಸ್ತ. ಸಾಲಕ್ಕೆ ಅಡವಿಟ್ಟ ಸೊತ್ತುಗಳನ್ನು ನೋಡಿ ಬರಲು ಅಧಿಕಾರಿಗಳ ಜೊತೆ ತೋಟಗಳಿಗೆ ಹೋಗುವುದುಂಟು. ಚಹಾ ತೋಟದ ಬಂಗಲೆಯ ಹಿಂದೆ, ಕಾಳುಮೆಣಸು ಒಣಗಿಸುವ ಅಂಗಳದ ಮೂಲೆಯಲ್ಲಿ ಟಾರ್ಪಾಲು ಹೊದ್ದ ಒಂದು ಆಕಾರ ಕಾಣುತ್ತದೆ. ಎತ್ತಿ ನೋಡಿದರೆ ಲ್ಯಾಂಡ್‌ಮಾಸ್ಟರ್, ಮಾರಿಸ್ ಮೈನರ್, ಇಲ್ಲವೆ ಯುದ್ಧಕಾಲದ ವಿಲ್ಲಿಸ್ ಜೀಪು. ಕೊಡುತ್ತೀರಾ ಎಂದು ಕೇಳಿದರೆ ಕನ್ನಡದ ಮನೆಯಲ್ಲಿ ‘ಮಾರುವುದಕ್ಕಿಲ್ಲ’ ಎನ್ನುತ್ತಾರೆ, ಮಲಯಾಳದ ಮನೆಯಲ್ಲಿ ‘ವಿಲ್ಕಾನಿಲ್ಲ’ ಎನ್ನುತ್ತಾರೆ. ಹಾಗಾದರೆ ಸರಿಮಾಡಿಸುತ್ತೀರಾ ಎಂದರೆ ಎರಡು ಭಾಷೆಯಲ್ಲೂ ಉತ್ತರವಿಲ್ಲ. ಈ ಮೌನಕ್ಕೆ ಒಂದು ಚರಿತ್ರೆಯಿದೆ.

ಬೆಟ್ಟಕ್ಕೆ ಮೋಟಾರು ಬರುವ ಮೊದಲೇ ಇಲ್ಲಿ ಅರಮನೆಗಳು ಬಂದಿದ್ದವು. ಊಟಿಯ ಫರ್ನ್‌ಹಿಲ್ ಮೈಸೂರು ಒಡೆಯರ ಬೇಸಿಗೆಯ ಬಿಡಾರ. ಮೈಸೂರಿನವರು ರೋಲ್ಸ್ ರಾಯ್ಸ್ ಕಾರುಗಳನ್ನು ಏಳೇಳರಂತೆ ಕೊಳ್ಳುತ್ತಿದ್ದರು ಎಂಬ ಮಾತು ಹಳೆಯ ಕಾರುಗಳ ಹುಚ್ಚು ಇರುವವರಲ್ಲಿ ಇಂದಿಗೂ ಚಾಲ್ತಿಯಲ್ಲಿದೆ. ಕತೆಯಲ್ಲಿ ಸ್ವಲ್ಪ ಉಪ್ಪುಕಾರ ಸೇರಿರಬಹುದು. ಆದರೆ ಅರಸುಮನೆಗಳ ಮೋಟಾರುಖಾನೆಗಳಲ್ಲಿ ಚಾಲಕರು, ತೊಳೆಯುವವರು, ಮೆಕ್ಯಾನಿಕ್‌ಗಳೆಂದು ಒಂದು ಸಂಸಾರವೇ ಬದುಕುತ್ತಿತ್ತು ಎಂಬುದು ನಿಜ. 1971ರ ಡಿಸೆಂಬರಿನಲ್ಲಿ 26ನೆಯ ಸಂವಿಧಾನ ತಿದ್ದುಪಡಿಯಿಂದ ರಾಜಧನ ರದ್ದಾಯಿತು. ಮೈಸೂರಿಗೆ ವರ್ಷಕ್ಕೆ 26 ಲಕ್ಷ ರೂಪಾಯಿ ನಿಗದಿಯಾಗಿತ್ತು. ರಾಜಧನ ನಿಂತಾಗ ದೇಶದ ಎಷ್ಟೋ ಅರಮನೆಗಳಲ್ಲಿ ಮೊದಲು ಬೀಗ ಬಿದ್ದದ್ದು ಮೋಟಾರುಖಾನೆಗೆ. ಕೆಲವು ಕಾರುಗಳು ಹಡಗು ಹತ್ತಿದವು, ಕೆಲವು ಗುಜರಿಗೆ ಹೋದವು. ಹೈದರಾಬಾದಿನ ನಿಜಾಮರ 1912ರ ಹಳದಿ ಸಿಲ್ವರ್ ಘೋಸ್ಟ್ ದಶಕಗಟ್ಟಲೆ ಧೂಳಿನಲ್ಲಿ ನಿಂತು, ಆಮೇಲೆ ದುರಸ್ತಿಗೊಂಡು ಚೌಮಹಲ್ಲಾ ಅರಮನೆಯಲ್ಲಿ ಪ್ರದರ್ಶನಕ್ಕೆ ಬಂತು. ಅಂಥ ಭಾಗ್ಯ ಎಲ್ಲಕ್ಕೂ ಇರಲಿಲ್ಲ. 1950ಕ್ಕೆ ಮೊದಲು ತಯಾರಾದ ಕಾರನ್ನು ಹೊರದೇಶಕ್ಕೆ ಕಳಿಸಲು ಸರಕಾರದ ನಿರ್ಬಂಧವಿದೆ. ಒಳ್ಳೆಯದೇ, ಆದರೆ ಗಡಿಯಲ್ಲಿ ತಡೆದ ಕಾನೂನು ಷೆಡ್ಡಿನಲ್ಲಿ ಕಾಯುವುದಿಲ್ಲ.

ಅರಮನೆಗಳ ಮಾತು ಸಾಕು. ನಮ್ಮ ಕಡೆಯ ಕತೆ ತೋಟದವರದು, ವಕೀಲ ವೈದ್ಯರದು, ಮಂಡಿ ವ್ಯಾಪಾರಿಗಳದು. ಅವರ ಕಾರುಗಳನ್ನು ಮೂಲೆಗೆ ತಳ್ಳಿದ್ದರಲ್ಲಿ ದಿಲ್ಲಿಯ ಒಂದು ತೀರ್ಮಾನದ ಪಾಲು ದೊಡ್ಡದು. 1953ರಲ್ಲಿ ಟ್ಯಾರಿಫ್ ಕಮಿಷನ್ ವರದಿಯ ಬಳಿಕ, ಬಿಡಿಭಾಗಗಳನ್ನು ಇಲ್ಲಿಯೇ ತಯಾರಿಸುವ ಯೋಜನೆಯಿಲ್ಲದೆ ಬರೇ ಜೋಡಿಸಿ ಮಾರುವ ಕಂಪೆನಿಗಳಿಗೆ ಬಾಗಿಲು ಮುಚ್ಚಿತು. 1928ರಿಂದ ಮುಂಬಯಿಯಲ್ಲಿ ಕಾರು ಜೋಡಿಸುತ್ತಿದ್ದ ಜನರಲ್ ಮೋಟಾರ್ಸ್ ಹೊರಟುಹೋಯಿತು, ಫೋರ್ಡ್ ಸಹ ಹೋಯಿತು. ಷೆವರ್ಲೆ, ಬ್ಯೂಯಿಕ್ ಇಟ್ಟುಕೊಂಡಿದ್ದವರು ಒಂದು ಗ್ಯಾಸ್ಕೆಟ್ಟಿಗೂ ಮದ್ರಾಸಿನ ಗುಜರಿ ಬಜಾರನ್ನು ನಂಬಬೇಕಾಯಿತು. ಉಳಿದದ್ದು ಮುಖ್ಯವಾಗಿ ಮೂರು ಮನೆತನ: ಕಲ್ಕತ್ತೆಯ ಬಳಿಯ ಉತ್ತರಪಾರದ ಹಿಂದುಸ್ಥಾನ್, ಮುಂಬಯಿಯ ಪ್ರೀಮಿಯರ್, ಮದ್ರಾಸಿನ ಸ್ಟ್ಯಾಂಡರ್ಡ್.

ಈ ಮೂರರಲ್ಲಿ ನನಗೆ ಸ್ಟ್ಯಾಂಡರ್ಡ್ ಮೇಲೆ ಒಲವು ಹೆಚ್ಚು. ಅದರ ಹೆರಾಲ್ಡ್ 1961ರಿಂದ ಮದ್ರಾಸಿನ ಹೊರವಲಯದಲ್ಲಿ ತಯಾರಾಯಿತು. ಇಂಗ್ಲೆಂಡಿನ ಟ್ರಯಂಫ್ ಹೆರಾಲ್ಡೇ ಅದರ ಮೂಲ; ಅಂದ ಇಟಲಿಯ ಮಿಚೆಲೊಟ್ಟಿಯದು; ಎಂಜಿನು 948 ಸಿ.ಸಿ. ಮಾತ್ರ. ಘಟ್ಟ ಹತ್ತುವಾಗ ಏದುಸಿರು ಬಿಡುತ್ತಿತ್ತು ಎನ್ನುವುದನ್ನು ಒಪ್ಪಬೇಕು. ಆದರೆ ಸುಮಾರು 25 ಅಡಿಯ ವೃತ್ತದಲ್ಲಿ ಅದು ತಿರುಗಿ ನಿಲ್ಲಬಲ್ಲದು! ಮಸಿನಗುಡಿಯಿಂದ ಊಟಿಗೆ ಹೋಗುವ ಕಲ್ಲಟ್ಟಿ ಘಾಟಿಯಲ್ಲಿ 36 ಹೇರ್‌ಪಿನ್ ತಿರುವುಗಳು. ಬೇರೆ ಕಾರುಗಳು ರಿವರ್ಸ್ ಹಾಕಲು ನೋಡುವ ಕಡೆ ಹೆರಾಲ್ಡ್ ಒಂದೇ ಪಟ್ಟಿಗೆ ತಿರುಗುತ್ತಿತ್ತು ಎಂದು ಹಳೆಯ ಚಾಲಕರು ಇಂದಿಗೂ ಕೈ ತಿರುಗಿಸಿ ತೋರಿಸುತ್ತಾರೆ. ಬಾನೆಟ್ಟು ಮಡ್‌ಗಾರ್ಡುಗಳ ಸಮೇತ ಮುಂದಕ್ಕೆ ಮಗುಚಿ, ಎಂಜಿನು ಮೂರು ಕಡೆಯಿಂದಲೂ ಕೈಗೆ ಸಿಗುತ್ತಿತ್ತು. ಮೆಕ್ಯಾನಿಕ್ ಮುಂದಿನ ಚಕ್ರದ ಮೇಲೆ ಕುಳಿತೇ ಕೆಲಸ ಮಾಡಬಹುದಿತ್ತು.

ತುಕ್ಕಿನ ವಿಷಯದಲ್ಲಿ ಈ ಕಾರು ಒಂದು ಪಾಠ. ಅದಕ್ಕೆ ಬೇರೆಯೇ ಚಾಸಿ ಇದೆ, ಮೈಯನ್ನು ತುಂಡುತುಂಡಾಗಿ ಬೋಲ್ಟಿನಲ್ಲಿ ಬಿಗಿದಿದ್ದಾರೆ. ಕೊಳೆತ ತುಂಡನ್ನು ಬಿಚ್ಚಿ ಬೇರೆ ಹಾಕಬಹುದು. ಆದರೆ ಚಾಸಿಯಿಂದ ಬದಿಗೆ ಚಾಚಿದ ಪೊಳ್ಳು ತೋಳುಗಳೊಳಗೆ ನೀರು ನಿಂತರೆ ಹೊರಗೆ ಬಣ್ಣ ನೆಟ್ಟಗಿದ್ದಂತೆ ಕಂಡರೂ ಒಳಗಿನಿಂದ ತಿನ್ನುತ್ತದೆ. ನಿಲ್ಲಿಸಿದ ಕಾರಿನಲ್ಲಿ ಪೆಟ್ರೋಲು ಅಂಟಾಗಿ ಕಾರ್ಬ್ಯುರೇಟರನ್ನು ಕಟ್ಟುತ್ತದೆ. ಪಿಸ್ಟನ್ನಿನ ರಿಂಗು ಸಿಲಿಂಡರಿಗೆ ಹಿಡಿದುಕೊಳ್ಳುತ್ತದೆ. ಬ್ರೇಕಿನ ಎಣ್ಣೆ ಗಾಳಿಯ ತೇವವನ್ನು ಹೀರಿ ಒಳಗಿನ ಲೋಹವನ್ನು ಕೆಡಿಸುತ್ತದೆ. ತಿಂಗಳಿಗೊಮ್ಮೆ ಸ್ಟಾರ್ಟು ಮಾಡಿ ಅಂಗಳದಲ್ಲಿ ನಾಲ್ಕು ಸುತ್ತು ಓಡಿಸಿದ್ದರೆ ಇದರಲ್ಲಿ ಬಹುಪಾಲು ತಪ್ಪುತ್ತಿತ್ತು. ಹೆರಾಲ್ಡಿನ ತಮ್ಮ ಗೆಜೆಲ್ 1970ರ ದಶಕದಲ್ಲಿ ಬಂದು ಹೋಯಿತು. 1980ರ ದಶಕ ಮುಗಿಯುವಷ್ಟರಲ್ಲಿ ಕಾರ್ಖಾನೆಯಿಂದ ಕಾರು ಬರುವುದೇ ನಿಂತಿತು. ಅಂಬಾಸಿಡರ್ 2014ರವರೆಗೆ ತಯಾರಾದ್ದರಿಂದ ಅದರ ಸಾಮಾನು ಈಗಲೂ ಸಿಗುತ್ತದೆ. ಹೆರಾಲ್ಡಿನದು ಸಿಗಬೇಕಾದರೆ ಇನ್ನೊಂದು ಹೆರಾಲ್ಡ್ ಸಾಯಬೇಕು.

ಮಳೆಯಷ್ಟೇ ಕಾಗದವೂ ತುಕ್ಕಿಗೆ ಕಾರಣವೆಂದು ನನ್ನ ಅಭಿಪ್ರಾಯ. ಗಡಿನಾಡಿನ ನಮಗೆ ಇದು ಚೆನ್ನಾಗಿ ಅರ್ಥವಾದೀತು. 1956ರ ಅಕ್ಟೋಬರ್ 31ರವರೆಗೆ ಕಾಸರಗೋಡು, ಮಂಗಳೂರು, ವಯನಾಡು, ಗೂಡಲೂರು ಎಲ್ಲವೂ ಮದ್ರಾಸು ರಾಜ್ಯವೇ. ಗೂಡಲೂರಿನ ಸೀಮೆಯಂತೂ 1877ರವರೆಗೆ ವಯನಾಡಿನದೇ ಭಾಗ. ಮದ್ರಾಸಿನ ನಂಬರಿನ ಒಂದು ಕಾರು ನವೆಂಬರ್ 1ರ ಬೆಳಿಗ್ಗೆ ಚಕ್ರ ಅಲುಗಿಸದೆಯೇ ಕಾಸರಗೋಡಿನಲ್ಲಿ ಕೇರಳದ್ದಾಯಿತು, ಮಂಗಳೂರಿನಲ್ಲಿ ಮೈಸೂರಿನದ್ದಾಯಿತು, ಗೂಡಲೂರಿನಲ್ಲಿ ಮಾತ್ರ ಮದ್ರಾಸಿನದಾಗಿ ಉಳಿಯಿತು. ಅಣ್ಣತಮ್ಮಂದಿರು ಮೂರು ಕಡೆ ಹಂಚಿಹೋದ ಕನ್ನಡ ಮನೆಗಳಲ್ಲಿ ಕಾರೂ ಅವರ ಹಿಂದೆ ಹೋಯಿತು. ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟರೆ ಹೊಸ ನಂಬರು, ಅದಕ್ಕೆ ಮೂಲ ಕಚೇರಿಯ ಒಪ್ಪಿಗೆ ಪತ್ರ, ಮತ್ತೆ ತೆರಿಗೆ. 1989ರ ಜುಲೈ 1ರಂದು ಜಾರಿಗೆ ಬಂದ ಹೊಸ ಕಾಯ್ದೆ ಖಾಸಗಿ ಕಾರಿನ ನೋಂದಣಿಗೆ 15 ವರ್ಷದ ಮಿತಿ ಹಾಕಿತು, ಆಮೇಲೆ ಐದು ವರ್ಷಕ್ಕೊಮ್ಮೆ ನವೀಕರಣ. ಈ ನಡುವೆ ಕಾರಿನ ಯಜಮಾನರು ತೀರಿಕೊಂಡಿರುತ್ತಾರೆ. ಆರ್.ಸಿ. ಪುಸ್ತಕದಲ್ಲಿ ಅಜ್ಜನ ಹೆಸರು, ಅದರ ಕೆಳಗೆ ಎಂದೋ ತೀರಿದ ಸಾಲದ ಹೈಪಾಥಿಕೇಶನ್ ನಮೂದು. ಅದನ್ನು ತೆಗೆಸಲು 35ನೆಯ ನಮೂನೆ, ವಾರಸುದಾರರ ಹೆಸರಿಗೆ ಮಾಡಿಸಲು 31ನೆಯ ನಮೂನೆ. ನಮೂನೆ ತುಂಬುವುದು ಐದು ನಿಮಿಷದ ಕೆಲಸ, ಆದರೆ ಮಂಗಳೂರಿನ ದೊಡ್ಡಪ್ಪ, ಬತ್ತೇರಿಯ ಅತ್ತೆ, ದುಬಾಯಿಯ ಚಿಕ್ಕಪ್ಪ ಎಲ್ಲರ ಸಹಿ ಬೇಕು. ಒಬ್ಬರು ಒಪ್ಪದಿದ್ದರೆ ಟಾರ್ಪಾಲು ಹಾಗೆಯೇ ಇರುತ್ತದೆ. ತೋಟದ ಪಾಲು ಮಾಡುವಾಗ ಮರ ಎಣಿಸಿದವರು ಕಾರನ್ನು ಎಣಿಸದೆ ಬಿಟ್ಟದ್ದನ್ನು ನಾನು ಕಂಡಿದ್ದೇನೆ. ಆಮೇಲೆ ಅದು ಎಲ್ಲರದೂ ಆಗಿ, ಯಾರದೂ ಅಲ್ಲದ್ದಾಯಿತು.

2021ರ ಜುಲೈಯಲ್ಲಿ ಕೇಂದ್ರ ಸರಕಾರ 50 ವರ್ಷ ದಾಟಿದ, ಮೂಲರೂಪ ಕೆಡದ ವಾಹನಗಳಿಗೆ ‘ವಿಂಟೇಜ್’ ನೋಂದಣಿಯ ನಿಯಮ ತಂದಿತು. ಹೊಸ ನೋಂದಣಿಗೆ 20,000 ರೂಪಾಯಿ. ಮೊದಲೇ ನೋಂದಣಿಯಾಗಿದ್ದರೆ ಹಳೆಯ ನಂಬರನ್ನೇ ಉಳಿಸಿಕೊಳ್ಳಬಹುದು. ದಿನನಿತ್ಯದ ಓಡಾಟಕ್ಕಿಲ್ಲ, ಪ್ರದರ್ಶನ, ರ್‍ಯಾಲಿಗಳಿಗೆ ಸರಿ. ಈಗ ಎಂಜಿನು ಬದಲಾಯಿಸಿ ಡೀಸೆಲ್ ಹಾಕಿಸಿದ ಜೀಪುಗಳ ಯಜಮಾನರಿಗೆ ಚಿಂತೆ. ಏನನ್ನೂ ಮಾಡದೆ ಬಿಟ್ಟ ಸೋಮಾರಿಗೆ ಲಾಭ! ಉಳಿಸಿಕೊಂಡರೆ ಹೇಗಿರುತ್ತದೆ ಎಂದು ನೋಡಬೇಕಾದವರು ಧರ್ಮಸ್ಥಳದ ಕಾರು ಸಂಗ್ರಹಕ್ಕೋ, ಬೆಟ್ಟದ ಕೆಳಗೆ ಕೊಯಮತ್ತೂರಿನಲ್ಲಿ 2015ರಲ್ಲಿ ತೆರೆದ ಜಿ.ಡಿ. ಕಾರು ಮ್ಯೂಸಿಯಮ್ಮಿಗೋ ಹೋಗಬಹುದು.

ನಿಮ್ಮ ಮನೆಯ ಹಿಂದೆಯೂ ಒಂದು ನಿಂತಿದ್ದರೆ ಮೆಕ್ಯಾನಿಕ್‌ಗಿಂತ ಮೊದಲು ಆರ್.ಸಿ. ಪುಸ್ತಕ ಹುಡುಕಿ. ಅದು ಸಾಮಾನ್ಯವಾಗಿ ಜಾಗದ ಆಧಾರದ ಜೊತೆಗೇ ಕಬ್ಬಿಣದ ಪೆಟ್ಟಿಗೆಯಲ್ಲಿರುತ್ತದೆ. ಆಮೇಲೆ ಚಾಸಿ ನಂಬರಿನ ಮೇಲಿನ ತುಕ್ಕನ್ನು ಸೀಮೆಣ್ಣೆ ಬಟ್ಟೆಯಿಂದ ಮೆಲ್ಲಗೆ ಒರೆಸಿ, ತೆಳ್ಳನೆಯ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ, ಅಚ್ಚು ತೆಗೆದು ಅದೇ ಪುಸ್ತಕದೊಳಗೆ ಇಡಿ. ಇನ್ನೆರಡು ಮಳೆಗಾಲ ಕಳೆದರೆ ಆ ಅಂಕೆಗಳು ಕಾಣಲಿಕ್ಕಿಲ್ಲ.