ಗಡಿನಾಡಿನ ಶಾಲೆಗೆ ಬಂದ ಉಬುಂಟು

ಕಾಸರಗೋಡು ಜಿಲ್ಲೆಯ ಕುಂಬಳೆ, ಮಂಜೇಶ್ವರ, ಬದಿಯಡ್ಕ ಕಡೆಯ ಶಾಲೆಗಳಲ್ಲಿ ಲ್ಯಾಪ್‌ಟಾಪ್ ಕೈಕೊಟ್ಟರೆ ಅದಕ್ಕೆ ಮದ್ದು ಒಂದು ಪೆನ್ ಡ್ರೈವ್‌ನಲ್ಲಿದೆ. ಕೇರಳ ಸರಕಾರದ ‘ಕೈಟ್’ ಸಂಸ್ಥೆ ಶಾಲೆಗಳಿಗಾಗಿ ಹದಮಾಡಿದ ಉಬುಂಟು ಎಂಬ ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯ (ಓಎಸ್) ಐಎಸ್‌ಒ ಕಡತವನ್ನು ಇಳಿಸಿಕೊಂಡು ಅದರಲ್ಲಿ ತುಂಬಿಸಿದರಾಯಿತು. ಲೈಸೆನ್ಸ್‌ಗೆ ಹಣ ಕಟ್ಟಬೇಕಿಲ್ಲ, ಪ್ರತಿ ಮಾಡಲು ಯಾರನ್ನೂ ಕೇಳಬೇಕಿಲ್ಲ. ಈ ಸೌಕರ್ಯ ತಾನಾಗಿ ಒದಗಿದ್ದಲ್ಲ.

1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿದಂದಿನಿಂದ ಕಾಸರಗೋಡಿನ ಕನ್ನಡಿಗರಿಗೆ ಪಠ್ಯಪುಸ್ತಕವೂ ಶಿಕ್ಷಕರ ನೇಮಕಾತಿಯೂ ಹೋರಾಡಿ ಪಡೆಯಬೇಕಾದ ಸಂಗತಿಗಳು. ಕಂಪ್ಯೂಟರ್ ಶಾಲೆಯ ಬಾಗಿಲಿಗೆ ಬಂದಾಗ ಅದರೊಳಗೆ ಕನ್ನಡಕ್ಕೆ ಜಾಗವಿದೆಯೇ ಎಂಬ ಪ್ರಶ್ನೆ ಏಳುವುದು ಸಹಜವೇ.

ಕೇರಳದ ‘ಐಟಿ@ಸ್ಕೂಲ್’ ಯೋಜನೆ ಶುರುವಾದದ್ದು 2001ರಲ್ಲಿ. ಅದೇ ವರ್ಷದ ಜುಲೈಯಲ್ಲಿ ಸ್ವತಂತ್ರ ತಂತ್ರಾಂಶ ಚಳವಳಿಯ ಹರಿಕಾರ ರಿಚರ್ಡ್ ಸ್ಟಾಲ್‌ಮನ್ ತಿರುವನಂತಪುರಕ್ಕೆ ಬಂದು ಭಾರತದ ಫ್ರೀ ಸಾಫ್ಟ್‌ವೇರ್ ಫೌಂಡೇಶನ್‌ಗೆ ಚಾಲನೆ ಕೊಟ್ಟರು. ಆದರೂ ಮೊದಲ ಪಾಠಗಳು ವಿಂಡೋಸ್ ಸುತ್ತಲೇ ಇದ್ದವು. ಸಾರ್ವಜನಿಕ ಶಾಲೆಯ ಮಕ್ಕಳನ್ನು ಒಂದೇ ಕಂಪೆನಿಯ ಸರಕಿಗೆ ಕಟ್ಟಿಹಾಕುವುದು ಸರಿಯಲ್ಲವೆಂದು ಶಿಕ್ಷಕರೂ ಸ್ವತಂತ್ರ ತಂತ್ರಾಂಶದ ಕಾರ್ಯಕರ್ತರೂ ಪಟ್ಟುಹಿಡಿದರು. ಆ ದಶಕದ ನಡುವಿನಲ್ಲಿ ಡೆಬಿಯನ್ ಲಿನಕ್ಸ್ ಆಧಾರಿತ ವ್ಯವಸ್ಥೆ ಬಂತು, ಬಳಿಕ ಉಬುಂಟು.

ಕಾಸರಗೋಡಿಗೆ ಇದರಿಂದಾದ ಲಾಭವನ್ನು ಬರಿಯ ಹಣದ ಲೆಕ್ಕದಲ್ಲಿ ಅಳೆದರೆ ಸಾಲದು. ಲಿನಕ್ಸ್‌ನಲ್ಲಿ ಯುನಿಕೋಡ್ ಕನ್ನಡವಿತ್ತು, ಲೋಹಿತ್ ಕನ್ನಡದಂಥ ಮುಕ್ತ ಅಕ್ಷರಶೈಲಿಗಳಿದ್ದವು. ಇನ್‌ಸ್ಕ್ರಿಪ್ಟ್ ಕೀಲಿಮಣೆಯ ಜೊತೆಗೆ ಕೆ.ಪಿ. ರಾವ್ ಅವರ ವಿನ್ಯಾಸದಿಂದ ಬೆಳೆದ ಕಗಪವೂ ಮುಂದೆ ಸೇರಿಕೊಂಡಿತು. ರಾವ್ ಅವರು ಮಂಗಳೂರಿನ ಬಳಿಯ ಕಿನ್ನಿಕಂಬಳದವರು, ಅಂದರೆ ಮಂಜೇಶ್ವರದ ನೆರೆಯವರೇ. ಮಲಯಾಳಂ ಮಾಧ್ಯಮದ ಹುಡುಗಿಗೂ ಕನ್ನಡ ಮಾಧ್ಯಮದ ಹುಡುಗನಿಗೂ ಒಂದೇ ಕಡತ. ಐಸಿಟಿ ಪಠ್ಯಪುಸ್ತಕ ಕನ್ನಡದಲ್ಲೂ ಅಚ್ಚಾಯಿತು, ಎಸ್ಸೆಸ್ಸೆಲ್ಸಿಯ ಐಟಿ ಪರೀಕ್ಷೆಯ ಪ್ರಶ್ನೆಗಳೂ ಕನ್ನಡದಲ್ಲಿ ತೆರೆಯ ಮೇಲೆ ಮೂಡಿದವು. ಬೇರೆ ವಿಷಯಗಳಲ್ಲಿ ವರ್ಷಗಟ್ಟಲೆ ಮನವಿ ಕೊಡಬೇಕಾದ ಗಡಿನಾಡಿಗೆ ಇದು ದೊಡ್ಡ ಸಂಗತಿ.

ಕಡತ ಕೈಸೇರುವ ದಾರಿ ಮಾತ್ರ ಬದಲಾಗುತ್ತ ಬಂತು. ಮೂಲ ಉಬುಂಟು ಆರಂಭದಲ್ಲಿ 700 ಎಂಬಿಯ ಒಂದು ಸಿಡಿಯಲ್ಲಿ ಹಿಡಿಯುತ್ತಿತ್ತು. ಕೇಳಿದವರ ಮನೆಗೆ ಅಂಚೆಯಲ್ಲಿ ಪುಕ್ಕಟೆ ಸಿಡಿ ಕಳಿಸುವ ಏರ್ಪಾಡೂ 2011ರವರೆಗೆ ಇತ್ತು. 12.10ರ ಆವೃತ್ತಿ ಸಿಡಿಯ ಅಳತೆ ಮೀರಿತು. ಜಿಯೋಜೀಬ್ರಾ, ಕ್ಯೂಜಿಐಎಸ್, ಜಿಕಾಂಪ್ರಿ ಮೊದಲಾದ ಕಲಿಕಾ ತಂತ್ರಾಂಶಗಳನ್ನು ಸೇರಿಸಿದ ಶಾಲಾ ಆವೃತ್ತಿಗೆ ಡಿವಿಡಿಯೇ ಬೇಕಾಯಿತು. ಗೀರುಬಿದ್ದ ಡಿವಿಡಿ ಇನ್‌ಸ್ಟಾಲನ್ನು ಅರ್ಧಕ್ಕೆ ನಿಲ್ಲಿಸಿಬಿಡುತ್ತಿತ್ತು. ಪೆನ್ ಡ್ರೈವ್ ಆ ಕಾಟ ತಪ್ಪಿಸಿತು.

2017ರಲ್ಲಿ ಐಟಿ@ಸ್ಕೂಲ್ ‘ಕೈಟ್’ ಎಂಬ ಸರಕಾರಿ ಕಂಪೆನಿಯಾಯಿತು. ಮರುವರ್ಷ ‘ಲಿಟ್ಲ್ ಕೈಟ್ಸ್’ ವಿದ್ಯಾರ್ಥಿ ಕೂಟಗಳು ಹುಟ್ಟಿದವು. ರಾಜ್ಯದಾದ್ಯಂತ 45,000 ತರಗತಿಗಳಿಗೆ ಲ್ಯಾಪ್‌ಟಾಪ್, ಪ್ರೊಜೆಕ್ಟರ್ ಒದಗಿಸುವ ಯೋಜನೆಯೂ ಆಗಲೇ ನಡೆಯುತ್ತಿತ್ತು. ಅಷ್ಟು ಯಂತ್ರಗಳನ್ನು ನೋಡಿಕೊಳ್ಳಲು ಓಎಸ್ ಹಾಕುವ ಕೆಲಸ ಶಾಲೆಯೊಳಗೇ ಗೊತ್ತಿರಬೇಕಾಯಿತು. ಸಾರ್ವಜನಿಕರ ಲ್ಯಾಪ್‌ಟಾಪಿಗೂ ಪುಕ್ಕಟೆಯಾಗಿ ಹಾಕಿಕೊಡುವ ‘ಇನ್‌ಸ್ಟಾಲ್ ಫೆಸ್ಟ್’ಗಳನ್ನು ಕೈಟ್ ನಡೆಸಿದೆ.

ಮುಂದೆ ಉಬುಂಟು 22.04 ಆಧಾರಿತ ಆವೃತ್ತಿಯೂ ಬಳಕೆಗೆ ಬಂತು. ಇಳಿಸಿಕೊಂಡ ಕಡತ ಪೂರ್ತಿ ಬಂದಿದೆಯೇ ಎಂದು ಚೆಕ್‌ಸಮ್ ನೋಡಿ, ಪೆನ್ ಡ್ರೈವ್‌ಗೆ ಬರೆದು, ಬೂಟ್ ಮೆನುವಿನಿಂದ ಯಂತ್ರವನ್ನು ಎಬ್ಬಿಸಬೇಕು. ಬಳಕೆದಾರರ ಕಡತಗಳಿರುವ ಹೋಮ್ ಪಾರ್ಟಿಷನ್ ಬೇರೆಯಿದ್ದರೆ ಅದನ್ನು ಫಾರ್ಮ್ಯಾಟ್ ಮಾಡದೆ ಓಎಸ್ ಇರುವ ರೂಟ್ ಒಂದನ್ನೇ ಅಳಿಸಿ ಹೊಸದನ್ನು ಹಾಕಿದರೆ ಮಕ್ಕಳ ಕೆಲಸವೆಲ್ಲ ಉಳಿಯುತ್ತದೆ. ಇಷ್ಟಾದ ಮೇಲೆ ಕನ್ನಡ ಮಾಧ್ಯಮದ ಲ್ಯಾಬಿನಲ್ಲಿ ಒಂದು ಕೆಲಸ ಬಾಕಿ: ಸೆಟ್ಟಿಂಗ್ಸ್ ತೆರೆದು ಕೀಲಿಮಣೆಗಳ ಪಟ್ಟಿಗೆ ಕನ್ನಡವನ್ನು ಸೇರಿಸುವುದು.