ಸೋತ ದೇಶವನ್ನು ರೈತರು ಕಟ್ಟಿದ ಬಗೆ: ಡೆನ್ಮಾರ್ಕಿನ ಇತಿಹಾಸದಿಂದ ಕೆಲವು ಪುಟಗಳು



ನಮ್ಮ ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಸಂಘ ಬೆಳೆದು ಬಂದ ದಾರಿಯನ್ನು ಬೇರೆಯವರು ಈ ಸಂಚಿಕೆಯಲ್ಲಿ ಬರೆದಿದ್ದಾರೆ. ನಾವು ದೂರದ ಒಂದು ದೇಶದ ಇತಿಹಾಸವನ್ನು ನಾಲ್ಕು ಮಾತಿನಲ್ಲಿ ಹೇಳಲು ಹೊರಟಿದ್ದೇವೆ. ಡೆನ್ಮಾರ್ಕಿಗೂ ನಮ್ಮೂರಿಗೂ ಏನಪ್ಪಾ ಸಂಬಂಧ ಅಂತ ಯಾರಾದರೂ ಕೇಳಿದರೆ ತಪ್ಪಿಲ್ಲ. ದಿನಾ ಬೆಳಿಗ್ಗೆ ನಾವು ಡೈರಿಗೆ ಹಾಲು ಹಾಕುತ್ತೇವೆ. ಫ್ಯಾಟ್ ನೋಡಿ ಬೆಲೆ ಕಟ್ಟುತ್ತಾರೆ. ವರ್ಷದ ಕೊನೆಗೆ ಹಾಕಿದ ಹಾಲಿಗೆ ತಕ್ಕಂತೆ ಬೋನಸ್ ಬರುತ್ತದೆ. ಮಹಾಸಭೆಯಲ್ಲಿ ಒಬ್ಬರಿಗೆ ಒಂದೇ ಓಟು. ಇದೇ ಪದ್ಧತಿಯನ್ನು ನೂರನಲವತ್ತು ವರ್ಷದ ಹಿಂದೆಯೇ ಹಳ್ಳಿ ಹಳ್ಳಿಯಲ್ಲಿ ನಡೆಸಿ, ಅದರ ಬಲದಿಂದ ತಮ್ಮ ದೇಶದ ಹಣೆಬರಹ ತಿದ್ದಿದವರು ಡೆನ್ಮಾರ್ಕಿನ ರೈತರು. ನಮ್ಮ ಕಡೆ ಹಿರಿಯ ಹೆಣ್ಣುಮಕ್ಕಳಲ್ಲಿ ಕೆಲವರಿಗೆ "ಡ್ಯಾನಿಡಾ ತರಬೇತಿ" ಅನ್ನುವ ಮಾತು ನೆನಪಿರಬೇಕು. 1980ರ ದಶಕದಲ್ಲಿ ಕರ್ನಾಟಕದ ರೈತ ಮಹಿಳೆಯರಿಗೆ ಬೇಸಾಯದ ತರಬೇತಿ ಕೊಡಲು ನೆರವು ನೀಡಿದ್ದು ಅದೇ ದೇಶ.

ಡೆನ್ಮಾರ್ಕ್ ಬಹಳ ಸಣ್ಣ ದೇಶ. ಅಲ್ಲಿನ ಜನಸಂಖ್ಯೆ ಸುಮಾರು 60 ಲಕ್ಷ. ವಿಸ್ತೀರ್ಣ ಸುಮಾರು 43,000 ಚದರ ಕಿಲೋಮೀಟರ್, ಅಂದರೆ ನಮ್ಮ ರಾಜ್ಯದ ಕಾಲು ಭಾಗವೂ ಇಲ್ಲ. ಇಂದು ಅಲ್ಲಿ ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ದುಡ್ಡಿಲ್ಲ, ಸರ್ಕಾರಿ ಶಾಲೆಗೆ ಫೀಸಿಲ್ಲ, ಮುದುಕರಿಗೆ ಪಿಂಚಣಿ ಇದೆ. ಇದೆಲ್ಲ ಎಲ್ಲಿಂದ ಬಂತು ಅನ್ನುವುದೇ ಈ ಲೇಖನದ ವಿಷಯ.

ಧಣಿಯ ಊರು ಬಿಡುವ ಹಾಗಿರಲಿಲ್ಲ

ಅಲ್ಲಿಯ ರೈತರು ಹುಟ್ಟಿನಿಂದಲೇ ಸ್ವತಂತ್ರರಾಗಿರಲಿಲ್ಲ. 1733ರಲ್ಲಿ ಬಂದ ಒಂದು ಕಾನೂನಿನ ಪ್ರಕಾರ ರೈತರ ಗಂಡುಮಕ್ಕಳು ತಾವು ಹುಟ್ಟಿದ ಜಮೀನ್ದಾರಿಯನ್ನು ಬಿಟ್ಟು ಹೋಗುವ ಹಾಗಿರಲಿಲ್ಲ. ಧಣಿಗೆ ಆಳು ಬೇಕು, ರಾಜನಿಗೆ ಸೈನಿಕರು ಬೇಕು, ಅದಕ್ಕೆ ಈ ಕಟ್ಟು. 1788ರಲ್ಲಿ ಆ ಕಾನೂನನ್ನು ತೆಗೆಯುವ ಆಜ್ಞೆ ಹೊರಟಿತು. ಆಮೇಲಿನ ವರ್ಷಗಳಲ್ಲಿ ಗೇಣಿದಾರರು ಸಾಲ ಸೋಲ ಮಾಡಿ ಜಮೀನು ಕೊಂಡುಕೊಂಡರು. 1814ರಲ್ಲಿ ಮಕ್ಕಳಿಗೆ ಏಳು ವರ್ಷದ ಶಿಕ್ಷಣ ಕಡ್ಡಾಯವಾಯಿತು. ಇದು ಮುಖ್ಯವಾದ ಸಂಗತಿ. ಲೆಕ್ಕ ಓದಲು ಬಾರದವರು ಸಂಘ ಕಟ್ಟಿದರೆ ಸಂಘ ಕಾರ್ಯದರ್ಶಿಯ ಕೈಯಲ್ಲಿ ಉಳಿಯುತ್ತದೆಯೇ ಹೊರತು ಸದಸ್ಯರ ಕೈಗೆ ಬರುವುದಿಲ್ಲ. ಅಲ್ಲಿ ಡೈರಿ ಬರುವುದಕ್ಕೆ ಎರಡು ತಲೆಮಾರು ಮೊದಲೇ ಅಕ್ಷರ ಬಂದಿತ್ತು.

1864ರ ಸೋಲು

1849ರಲ್ಲಿ ರಾಜನ ಏಕಾಧಿಪತ್ಯ ಹೋಗಿ ಸಂವಿಧಾನ ಬಂತು. ಅದಾಗಿ ಹದಿನೈದೇ ವರ್ಷಕ್ಕೆ, 1864ರಲ್ಲಿ, ಪ್ರಶ್ಯ ಮತ್ತು ಆಸ್ಟ್ರಿಯ ಎರಡೂ ಸೇರಿ ಡೆನ್ಮಾರ್ಕನ್ನು ಸೋಲಿಸಿದವು. ಶ್ಲೆಸ್ವಿಗ್, ಹೋಲ್‌ಸ್ಟೈನ್ ಪ್ರಾಂತ್ಯಗಳು ಕೈಬಿಟ್ಟವು. ರಾಜ್ಯದ ಐದರಲ್ಲಿ ಎರಡು ಪಾಲಿನಷ್ಟು ನೆಲ ಹೋಯಿತು. ಡೇನಿಷ್ ಮಾತಾಡುವ ಸುಮಾರು ಎರಡು ಲಕ್ಷ ಜನ ಗಡಿಯ ಆಚೆ ಉಳಿದರು.

ಇಂಥ ಸೋಲಾದಾಗ ಸೇಡು ತೀರಿಸಿಕೊಳ್ಳಬೇಕು ಅನ್ನುವವರು ಎಲ್ಲ ದೇಶದಲ್ಲೂ ಇರುತ್ತಾರೆ. ಆದರೆ ಡೆನ್ಮಾರ್ಕಿನ ಜನ ಉಳಿದ ನೆಲದ ಕಡೆಗೇ ಮುಖ ತಿರುಗಿಸಿದರು. 1866ರಲ್ಲಿ ಎನ್ರಿಕೋ ಡಾಲ್ಗಸ್ ಎಂಬ ಎಂಜಿನಿಯರ್ ಮತ್ತು ಅವರ ಸಂಗಡಿಗರು ಒಂದು ಸಂಸ್ಥೆ ಮಾಡಿ, ಯೂಟ್ಲಂಡ್ ಭಾಗದ ಬೀಳು ಭೂಮಿಯಲ್ಲಿ ಮರ ನೆಟ್ಟು ಅದನ್ನು ಸಾಗುವಳಿಗೆ ತಂದರು. ಅದೇ 1866ರಲ್ಲಿ ಥಿಸ್ಟೆಡ್ ಪಟ್ಟಣದಲ್ಲಿ ಸೋನ್ನೆ ಎಂಬ ಪಾದ್ರಿ ಬಡ ಕೂಲಿಕಾರರಿಗಾಗಿ ಸಹಕಾರಿ ಅಂಗಡಿ ತೆರೆದರು.

ಇನ್ನೊಂದು ಕೆಲಸ ಶಾಲೆಯದು. ಗ್ರುಂಡ್ಟ್‌ವಿಗ್ ಎಂಬ ಪಾದ್ರಿ, ಕವಿ (1783–1872), ದೇಶ ಅಂದರೆ ರಾಜ ಮತ್ತು ಪಂಡಿತರು ಮಾತ್ರ ಅಲ್ಲ, ಉಳುವವನೂ ದೇಶವೇ ಎಂದು ಸಾರಿದವರು. ಅವರ ವಿಚಾರದಂತೆ 1844ರಲ್ಲಿ ರೋಡಿಂಗ್ ಎಂಬ ಊರಿನಲ್ಲಿ ಮೊದಲ ಜನತಾ ಪ್ರೌಢಶಾಲೆ ಶುರುವಾಗಿತ್ತು. ಅಲ್ಲಿ ಪರೀಕ್ಷೆ ಇಲ್ಲ, ಸರ್ಟಿಫಿಕೇಟ್ ಇಲ್ಲ. ಚಳಿಗಾಲದಲ್ಲಿ ಬೇಸಾಯದ ಕೆಲಸ ಕಡಿಮೆ ಇದ್ದಾಗ ರೈತರ ಮಕ್ಕಳು ಬಂದು ಉಳಿದುಕೊಂಡು ನಾಡಿನ ಇತಿಹಾಸ, ಭಾಷೆ, ಹಾಡು, ಕಾನೂನು, ಲೆಕ್ಕ ಕಲಿಯುತ್ತಿದ್ದರು. 1864ರಲ್ಲಿ ರೋಡಿಂಗ್ ಊರು ಪ್ರಶ್ಯದ ಪಾಲಾಯಿತು. ಮರುವರ್ಷವೇ ಆ ಶಾಲೆಯನ್ನು ಗಡಿಯ ಈಚೆ ಅಸ್ಕೋವ್ ಎಂಬಲ್ಲಿ ಮತ್ತೆ ತೆರೆದರು. ಮುಂದೆ ಇಂಥ ಶಾಲೆಗಳು ದೇಶದ ತುಂಬ ಎದ್ದವು. ನಮ್ಮ ಮೈಸೂರು ಸೀಮೆಯಲ್ಲಿ ವಯಸ್ಕರ ಶಿಕ್ಷಣ ಸಮಿತಿಯವರು ತೆರೆದ ವಿದ್ಯಾಪೀಠಗಳಿಗೆ ಈ ಶಾಲೆಗಳೇ ಮಾದರಿ. ನಾಲ್ಕು ಜನರ ಮುಂದೆ ಎದ್ದು ನಿಂತು ಮಾತಾಡುವ ಧೈರ್ಯವನ್ನು ಅಲ್ಲಿಯ ರೈತನಿಗೆ ಕೊಟ್ಟದ್ದು ಇಂಥ ಶಾಲೆ.

ಹಾಲಿನ ಲೆಕ್ಕ

1870ರ ದಶಕದ ನಂತರ ಇನ್ನೊಂದು ಪೆಟ್ಟು ಬಿತ್ತು. ಅಮೆರಿಕ ಮತ್ತು ರಷ್ಯಾದ ಅಗ್ಗದ ಧಾನ್ಯ ಹಡಗು, ರೈಲಿನಲ್ಲಿ ಬಂದು ಯೂರೋಪಿನ ಮಾರುಕಟ್ಟೆಯಲ್ಲಿ ಸುರಿಯಿತು. ಧಾನ್ಯ ಬೆಳೆದವನಿಗೆ ಅಸಲೂ ಗಿಟ್ಟದ ಸ್ಥಿತಿ. ಜರ್ಮನಿ, ಫ್ರಾನ್ಸ್ ದೇಶಗಳು ಹೊರಗಿನ ಧಾನ್ಯಕ್ಕೆ ಸುಂಕ ಹಾಕಿದವು. ಡೇನರು ಅದೇ ಅಗ್ಗದ ಧಾನ್ಯವನ್ನು ತರಿಸಿ ಹಸುವಿಗೂ ಹಂದಿಗೂ ತಿನ್ನಿಸಿ, ಇಂಗ್ಲೆಂಡಿಗೆ ಬೆಣ್ಣೆ ಮತ್ತು ಹಂದಿಮಾಂಸ ಮಾರಲು ಹೊರಟರು.

ಆದರೆ ಇಲ್ಲೊಂದು ತೊಡಕು. ದೊಡ್ಡ ಜಮೀನ್ದಾರನ ಬೆಣ್ಣೆಗೆ ಒಳ್ಳೆ ಬೆಲೆ. ಮೂರು ನಾಲ್ಕು ಹಸು ಇಟ್ಟುಕೊಂಡವನ ಮನೆ ಬೆಣ್ಣೆ ಒಂದು ದಿನ ಇದ್ದ ಹಾಗೆ ಇನ್ನೊಂದು ದಿನ ಇರುತ್ತಿರಲಿಲ್ಲ, ಅಂಗಡಿಯವನು ಕೊಟ್ಟಷ್ಟೇ ಬೆಲೆ. 1878ರ ಹೊತ್ತಿಗೆ ಹಾಲಿನಿಂದ ಕೆನೆ ಬೇರ್ಪಡಿಸುವ ಯಂತ್ರ ಬಂತು. ಅದನ್ನು ಒಬ್ಬ ಸಣ್ಣ ರೈತ ಕೊಳ್ಳಲಾರ, ಊರೆಲ್ಲ ಸೇರಿದರೆ ಕೊಳ್ಳಬಹುದು. ಹೀಗೆ 1882ರಲ್ಲಿ ಪಶ್ಚಿಮ ಯೂಟ್ಲಂಡಿನ ಯೆಡ್ಡಿಂಗ್ ಎಂಬ ಹಳ್ಳಿಯಲ್ಲಿ ಮೊದಲ ಸಹಕಾರಿ ಡೈರಿ ಹುಟ್ಟಿತು.

ಅವರ ನಿಯಮಗಳನ್ನು ನಾವು ಗಮನವಿಟ್ಟು ನೋಡಬೇಕು. ಮನೆ ಖರ್ಚಿಗೆ ಬೇಕಾದಷ್ಟು ಇಟ್ಟುಕೊಂಡು ಉಳಿದ ಹಾಲನ್ನೆಲ್ಲ ಸಂಘಕ್ಕೇ ಹಾಕಬೇಕು. ನಾಲ್ಕು ಕಾಸು ಜಾಸ್ತಿ ಸಿಕ್ಕಿತು ಅಂತ ಹೊರಗೆ ಮಾರುವ ಹಾಗಿಲ್ಲ. ಸಂಘದ ಸಾಲಕ್ಕೆ ಎಲ್ಲರೂ ಒಟ್ಟಾಗಿ ಹೊಣೆ. ಲಾಭ ಹಾಕಿದ ಹಾಲಿಗೆ ತಕ್ಕಂತೆ. ಓಟು ಮಾತ್ರ ಹಸುವಿನ ಲೆಕ್ಕದಲ್ಲಿ ಅಲ್ಲ, ತಲೆಯ ಲೆಕ್ಕದಲ್ಲಿ. ಕೊಬ್ಬಿನ ಅಂಶ ಅಳೆಯುವ ವಿಧಾನ ಬಂದ ಮೇಲೆ ಬೆಲೆಯನ್ನೂ ಅದರ ಮೇಲೆ ಕಟ್ಟಿದರು. ನೀರು ಬೆರೆಸಿದವನಿಗೂ ಒಳ್ಳೆ ಹಾಲು ಹಾಕಿದವನಿಗೂ ಒಂದೇ ಬೆಲೆ ಅನ್ನುವ ಅನ್ಯಾಯ ನಿಂತಿತು. ಕೆನೆ ತೆಗೆದ ಹಾಲು ವಾಪಸು ಮನೆಗೆ ಬಂದು ಹಂದಿಗೆ ಆಹಾರವಾಯಿತು. 1887ರಲ್ಲಿ ಹೊರ್ಸೆನ್ಸ್ ಪಟ್ಟಣದಲ್ಲಿ ಸಹಕಾರಿ ಮಾಂಸ ಸಂಸ್ಕರಣೆಯ ಕಾರ್ಖಾನೆ ಬಂತು. 1900ರ ಹೊತ್ತಿಗೆ ಸಹಕಾರಿ ಡೈರಿಗಳ ಸಂಖ್ಯೆ ಸಾವಿರ ದಾಟಿತ್ತು. 1901ರಲ್ಲಿ ರೈತರ ಪಕ್ಷವೇ ಸರ್ಕಾರ ಮಾಡಿತು, ಓಲೆ ಹಾನ್ಸೆನ್ ಎಂಬ ರೈತ ಕೃಷಿ ಮಂತ್ರಿಯಾದ. ಧಣಿಯ ಊರು ಬಿಡಲಾಗದಿದ್ದವರ ವಂಶದವರು ಮಂತ್ರಿ ಕುರ್ಚಿಗೆ ಬಂದದ್ದು ಹೀಗೆ.

ಹೊರಗೆ ಉಳಿದವರು

ಇಷ್ಟು ಹೇಳಿ ನಿಲ್ಲಿಸಿದರೆ ಅರ್ಧ ಸತ್ಯ ಹೇಳಿದಂತೆ. 1849ರ ಸಂವಿಧಾನ ಓಟು ಕೊಟ್ಟದ್ದು ಸ್ವಂತ ಮನೆತನ ನಡೆಸುವ, ಮೂವತ್ತು ದಾಟಿದ ಗಂಡಸರಿಗೆ ಮಾತ್ರ. ಹೆಂಗಸರಿಗೆ ಇಲ್ಲ, ಆಳುಮಕ್ಕಳಿಗೆ ಇಲ್ಲ, ಬಡವರ ಪರಿಹಾರ ಪಡೆದವರಿಗೂ ಇಲ್ಲ. ಮನೆಯಲ್ಲಿ ಹಾಲು ಕರೆಯುವವಳು ಹೆಂಡತಿ, ಡೈರಿಯ ಸಭೆಯಲ್ಲಿ ಕೂರುವವನು ಗಂಡ. ಭೂಮಿ ಇಲ್ಲದ ಕೂಲಿಯವನಿಗೆ ಹಸುವೇ ಇಲ್ಲ, ಡೈರಿ ಇದ್ದರೆಷ್ಟು ಬಿಟ್ಟರೆಷ್ಟು? 1899ರಲ್ಲಿ ಕೃಷಿ ಕೂಲಿಕಾರರು ತುಂಡು ಜಮೀನು ಕೊಳ್ಳಲು ಸರ್ಕಾರ ಸಾಲ ಕೊಡುವ ಕಾನೂನು ಬಂತು. ಹೆಂಗಸರಿಗೂ ಆಳುಗಳಿಗೂ ಪಾರ್ಲಿಮೆಂಟಿನ ಓಟು ಬಂದದ್ದು 1915ರಲ್ಲಿ. ಸಹಕಾರ ತಂತಾನೇ ಎಲ್ಲರನ್ನೂ ಒಳಗೆ ಕರೆಯಲಿಲ್ಲ. ಹೊರಗಿದ್ದವರು ಕೇಳಿ ಕೇಳಿ ಪಡೆದರು.

ದಾನವಲ್ಲ, ಹಕ್ಕು

ಕಲ್ಯಾಣದ ಕಾನೂನುಗಳೂ ಒಂದೇ ದಿನ ಬಂದವಲ್ಲ. 1891ರಲ್ಲಿ ಅರವತ್ತು ದಾಟಿದ ಬಡ ವೃದ್ಧರಿಗೆ ನೆರವು. 1892ರಲ್ಲಿ ಜನ ತಾವೇ ಚಂದಾ ಹಾಕಿ ನಡೆಸುತ್ತಿದ್ದ ಕಾಯಿಲೆ ನಿಧಿ ಸಂಘಗಳಿಗೆ ಸರ್ಕಾರದ ಅನುದಾನ. 1907ರಲ್ಲಿ ನಿರುದ್ಯೋಗ ನಿಧಿಗಳಿಗೆ ಅದೇ ರೀತಿ. ಮೊದಲು ಸಂಘ, ಆಮೇಲೆ ಸರ್ಕಾರ ಅನ್ನುವುದನ್ನು ನೋಡಿ.

1930ರ ದಶಕದ ಮುಗ್ಗಟ್ಟಿನಲ್ಲಿ ರೈತರ ಜಮೀನುಗಳು ಹರಾಜಿಗೆ ಬಂದವು, ಪಟ್ಟಣದ ಕಾರ್ಮಿಕರಿಗೆ ಕೆಲಸವಿಲ್ಲ. 1933ರ ಜನವರಿ 30ರಂದು ಪ್ರಧಾನಿ ಸ್ಟೌನಿಂಗ್ ಅವರ ಮನೆಯಲ್ಲಿ ಕಾರ್ಮಿಕರ ಪಕ್ಷ, ರೈತರ ಪಕ್ಷ ಮತ್ತು ರ್‍ಯಾಡಿಕಲ್ ಪಕ್ಷ ಕೂತು ಒಪ್ಪಂದ ಮಾಡಿಕೊಂಡವು. ಹಣದ ಮೌಲ್ಯ ಇಳಿಸಿದ್ದರಿಂದ ಬೆಣ್ಣೆ ಇಂಗ್ಲೆಂಡಿನಲ್ಲಿ ಮಾರಾಟವಾಗಲು ಅನುಕೂಲವಾಯಿತು. ಅದು ರೈತನ ಪಾಲು. ಕೂಲಿ ಕಡಿತ, ಕಾರ್ಖಾನೆ ಬೀಗ ತಪ್ಪಿತು, ಸಾಮಾಜಿಕ ಭದ್ರತೆಯ ಕಾನೂನು ಬಂತು. ಅದು ಕಾರ್ಮಿಕನ ಪಾಲು. ಅದೇ ದಿನವೇ ಪಕ್ಕದ ಜರ್ಮನಿಯಲ್ಲಿ ಹಿಟ್ಲರ್ ಅಧಿಕಾರ ಹಿಡಿದ. ಒಂದೇ ಕಷ್ಟಕ್ಕೆ ನೆರೆಹೊರೆಯ ಎರಡು ದೇಶಗಳು ಹಿಡಿದ ದಾರಿ ಎಷ್ಟು ಬೇರೆ ನೋಡಿ! ಮಂತ್ರಿ ಸ್ಟೈಂಕೆ ತಂದ ಆ ಸುಧಾರಣೆಯ ತಿರುಳು ಇಷ್ಟೇ: ಕಷ್ಟದಲ್ಲಿರುವವನಿಗೆ ಕೊಡುವುದು ದಾನ ಅಲ್ಲ, ಅದು ಅವನ ಹಕ್ಕು. 1956ರಲ್ಲಿ ಎಲ್ಲ ವೃದ್ಧರಿಗೂ ಪಿಂಚಣಿಯ ಕಾನೂನಾಯಿತು. 1973ರಲ್ಲಿ ಕಾಯಿಲೆ ನಿಧಿಗಳ ಕೆಲಸವನ್ನು ಸರ್ಕಾರವೇ ವಹಿಸಿಕೊಂಡಿತು. ಇದಕ್ಕೆಲ್ಲ ಜನ ಭಾರಿ ತೆರಿಗೆ ಕಟ್ಟುತ್ತಾರೆ. ಮಾರಾಟ ತೆರಿಗೆಯೇ ನೂರಕ್ಕೆ 25. ಆದರೂ ಕಟ್ಟುತ್ತಾರೆ, ಯಾಕೆಂದರೆ ಕಟ್ಟಿದ್ದು ತಿರುಗಿ ಬರುತ್ತದೆ ಅನ್ನುವ ನಂಬಿಕೆ ಇದೆ.

ನಮ್ಮವರು ಅಂದರೆ ಯಾರು?

ನಂಬಿಕೆ ಅಂದಾಗ ಒಂದು ಪ್ರಶ್ನೆ ಏಳುತ್ತದೆ. ಕೂಡಿ ಹಾಕಿ ಹಂಚಿಕೊಳ್ಳುವ ಆ "ನಾವು" ಯಾರು? ಇದಕ್ಕೆ ಡೆನ್ಮಾರ್ಕ್ ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಉತ್ತರ ಕೊಟ್ಟಿದೆ. 1920ರಲ್ಲಿ ಜನಮತ ಕೇಳಿ ಉತ್ತರ ಶ್ಲೆಸ್ವಿಗ್ ಡೆನ್ಮಾರ್ಕಿಗೆ ವಾಪಸು ಬಂತು. 1943ರ ಅಕ್ಟೋಬರಿನಲ್ಲಿ, ದೇಶ ಜರ್ಮನರ ಕೈಯಲ್ಲಿದ್ದಾಗ, ಮೀನುಗಾರರೂ ಸಾಮಾನ್ಯ ಜನರೂ ಸೇರಿ ಏಳು ಸಾವಿರದಷ್ಟು ಯಹೂದಿಗಳನ್ನು ದೋಣಿಗಳಲ್ಲಿ ಸ್ವೀಡನ್ನಿಗೆ ದಾಟಿಸಿ ಜೀವ ಉಳಿಸಿದರು. 1955ರಲ್ಲಿ ಡೆನ್ಮಾರ್ಕ್ ಮತ್ತು ಪಶ್ಚಿಮ ಜರ್ಮನಿ, ಗಡಿಯ ಎರಡೂ ಕಡೆಯ ಅಲ್ಪಸಂಖ್ಯಾತರು ತಾವು ಇಂಥವರು ಅಂತ ಹೇಳಿಕೊಂಡರೆ ಅಧಿಕಾರಿಗಳು ಪ್ರಶ್ನೆ ಮಾಡುವ ಹಾಗಿಲ್ಲ ಎಂದು ಘೋಷಿಸಿದವು. ಗಡಿನಾಡ ಕನ್ನಡಿಗರಿಗೆ ಈ ಮಾತಿನ ಬೆಲೆ ಗೊತ್ತು.

1960ರ ದಶಕದಿಂದ ಟರ್ಕಿ, ಪಾಕಿಸ್ತಾನ, ಯುಗೊಸ್ಲಾವಿಯದಿಂದ ಕಾರ್ಖಾನೆ ಕೆಲಸಕ್ಕೆ ಜನ ಬಂದರು, ಆಮೇಲೆ ನಿರಾಶ್ರಿತರೂ ಬಂದರು. ಅವರಿಗೂ ಸಮಪಾಲೇ ಅನ್ನುವ ವಿಷಯದಲ್ಲಿ ಅಲ್ಲಿ ಇಂದಿಗೂ ಜಗಳ ತೀರಿಲ್ಲ. 2018ರಲ್ಲಿ, ಹೊರದೇಶದ ಮೂಲದವರು ಹೆಚ್ಚಿರುವ ಕೆಲವು ಬಡಾವಣೆಗಳಿಗೇ ಬೇರೆ ನಿಯಮ ಮಾಡಿದರು. ಹಾಗೆ ಮಾಡಿದರೇ ಎಲ್ಲರೂ ಒಂದಾಗುತ್ತಾರೆ ಅನ್ನುವವರು ಕೆಲವರು, ಅದು ಭೇದಭಾವ ಅನ್ನುವವರು ಕೆಲವರು.

ಡೈರಿಗಳ ಕಥೆಯೂ ನಿಂತಿಲ್ಲ. ಊರೂರಿನ ಡೈರಿಗಳು ಒಂದರಲ್ಲೊಂದು ಸೇರುತ್ತಾ, 2000ದಲ್ಲಿ ಸ್ವೀಡನ್ನಿನ ಸಂಘದ ಜೊತೆ ಕೂಡಿ ಆರ್ಲಾ ಎಂಬ ದೊಡ್ಡ ಸಂಸ್ಥೆಯಾಯಿತು. ಇಂದಿಗೂ ಅದರ ಒಡೆಯರು ರೈತರೇ. ಆದರೆ ಸಣ್ಣ ರೈತರು ಬಹುಪಾಲು ಕಸುಬು ಬಿಟ್ಟಿದ್ದಾರೆ. ಯೆಡ್ಡಿಂಗಿನ ಮೊದಲ ಡೈರಿ ಈಗ ವಸ್ತು ಸಂಗ್ರಹಾಲಯ.

ನಮ್ಮ ನಾಡಿನ ಸಹಕಾರಕ್ಕೂ ವಯಸ್ಸಾಗಿದೆ. 1905ರಲ್ಲಿ ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ಸಂಘ ಕಟ್ಟಿ ದಾರಿ ತೋರಿಸಿದರು. ಬೆಳ್ಳಿಹಬ್ಬದ ಈ ಹೊತ್ತಿನಲ್ಲಿ ನಾವು ನಮ್ಮನ್ನೇ ಕೇಳಿಕೊಳ್ಳಬೇಕಾದ್ದು ಇಷ್ಟು. ಹಾಲು ಕರೆಯುವ ಹೆಣ್ಣುಮಕ್ಕಳ ಹೆಸರು ಸದಸ್ಯರ ಪುಸ್ತಕದಲ್ಲಿ ಎಷ್ಟಿದೆ? ಜಮೀನಿಲ್ಲದೆ ಒಂದೇ ಹಸು ಕಟ್ಟಿಕೊಂಡವನ ಮಾತು ಮಹಾಸಭೆಯಲ್ಲಿ ಕೇಳುತ್ತದೆಯೇ? ಹೊರಗಿನಿಂದ ಬಂದು ನಮ್ಮೂರಲ್ಲಿ ನೆಲೆ ನಿಂತವರು ಹಾಲು ತಂದರೆ ಅವರು ನಮ್ಮವರೇ, ಅಲ್ಲವೇ? ಲೆಕ್ಕಪತ್ರ ಓದುವಾಗ ನಾವು ಎಷ್ಟು ಜನ ಕಿವಿಗೊಟ್ಟು ಕೇಳುತ್ತೇವೆ?

ಹನಿ ಹನಿ ಕೂಡಿದರೆ ಹಳ್ಳ ಅಂತ ಹಿರಿಯರು ಹೇಳಿದ್ದಾರೆ. ಯಾರ ಹನಿಯನ್ನೂ ಬೇಡ ಅನ್ನದೆ, ಎಲ್ಲರ ಹನಿಗೂ ಸರಿಯಾದ ಲೆಕ್ಕ ಇಟ್ಟರೆ ನಮ್ಮ ಸಂಘ ಸುವರ್ಣ ಮಹೋತ್ಸವವನ್ನೂ ಕಾಣುತ್ತದೆ. ಸರ್ವ ಸದಸ್ಯರಿಗೂ ಬೆಳ್ಳಿಹಬ್ಬದ ಶುಭಾಶಯಗಳು.

ಜೈ ಸಹಕಾರ.