ಬೇಂದೂರ ಎರಡು, ದಂದಕ್ಕಿ ಒಂದೇ

ಗಡಿನಾಡಿನ ಇತಿಹಾಸ ಎಂದಕೂಡಲೇ ನಾವು ಶಿಕ್ಷಕರು 1956, 1960, ಮಹಾಜನ ವರದಿ ಎಂದು ಮಕ್ಕಳಿಗೆ ಬರೆಸಿಬಿಡುತ್ತೇವೆ. ಅದೂ ಬೇಕು. ಆದರೆ ಮ್ಹೈಸಾಳದಂಥ ಕೃಷ್ಣಾ ದಂಡೆಯ ಊರಿನ ಇತಿಹಾಸ ತಿಳಿಯಬೇಕಾದರೆ ಮೊದಲು ದಂದಕ್ಕಿಗೆ ಹೋಗಬೇಕು.

ದಂದಕ್ಕಿ ಎಂದರೆ ಹಳೆಯ ಮನೆಗಳಲ್ಲಿ ತಲೆಬಾಗಿಲು ದಾಟಿದ ಕೂಡಲೇ ಸಿಗುವ, ದನ ಕಟ್ಟುವ ಜಾಗ. ಅದಕ್ಕಿಂತ ಎತ್ತರದಲ್ಲಿ ಪಡಸಾಲೆ. ಮನುಷ್ಯರು ಮೇಲೆ, ದನಕರು ಕೆಳಗೆ, ಸೂರು ಮಾತ್ರ ಒಂದೇ. ಒಮ್ಮೆ ತರಗತಿಯಲ್ಲಿ ಈ ಶಬ್ದದ ಅರ್ಥ ಕೇಳಿದೆವು. ನಾಲ್ಕೈದು ಕೈಗಳಷ್ಟೇ ಮೇಲೆದ್ದವು. ಉಳಿದವರಿಗೆ ಗೊತ್ತಿದ್ದದ್ದು ಮರಾಠಿಯ ‘ಗೋಠಾ’. ತಪ್ಪೇನಲ್ಲ, ಆದರೆ ಮನಸ್ಸಿಗೆ ಯಾಕೋ ಕಸಿವಿಸಿಯಾಯಿತು.

ನಾವು ಚಿಕ್ಕವರಿದ್ದಾಗ ಮನೆಯ ಬೆಳಗು ಆಗುತ್ತಿದ್ದುದೇ ಹೆಂಡಿಕಸದಿಂದ. ನಸುಕಿನಲ್ಲೇ ಅವ್ವ ಸೆರಗು ಸಿಕ್ಕಿಸಿ ಹೆಂಡಿ ಬಳಿದು ಬುಟ್ಟಿಗೆ ತುಂಬುತ್ತಿದ್ದಳು. ಗೋದಲಿಯಲ್ಲಿ ದನ ತಿಂದು ಬಿಟ್ಟ ಜೋಳದ ದಂಟು ತೆಗೆದು, ಬಣವಿಯಿಂದ ಹಿರಿದು ತಂದ ಹೊಸ ಕಣಿಕೆ ಹಾಕಬೇಕು. ರಾತ್ರಿ ನೆನೆಸಿಟ್ಟ ಹಿಂಡಿಯನ್ನು ಎಮ್ಮೆಯ ಮುಂದಿಟ್ಟು, ಕರು ಬಿಟ್ಟು, ತೊರೆ ಬಿಟ್ಟ ಮೇಲೆ ಹಿಂಡಬೇಕು. ಕರು ಎಳೆದು ಕಟ್ಟುವ ಕೆಲಸ ನಮ್ಮಂಥ ಹುಡುಗರದು. ಅದು ನಮ್ಮನ್ನೇ ಎಳೆದುಕೊಂಡು ಹೋಗುತ್ತಿತ್ತು! ಹೆಂಡಿಗೆ ಹೊಟ್ಟು ಕಲಸಿ ಕುಳ್ಳು ಬಡಿದರೆ ಒಲೆಗೆ ಆಯಿತು, ಉಳಿದದ್ದು ತಿಪ್ಪೆಗೆ, ತಿಪ್ಪೆಯಿಂದ ಹೊಲಕ್ಕೆ. ಯಾವುದೂ ದಂಡವಾಗುತ್ತಿರಲಿಲ್ಲ.

ಇದನ್ನೆಲ್ಲ ಬರೀ ಚೆಂದವೆಂದು ಬರೆದರೆ ಸುಳ್ಳಾಗುತ್ತದೆ. ದನಕ್ಕೆ ರವಿವಾರ ಗೊತ್ತಿಲ್ಲ, ಹಬ್ಬ ಗೊತ್ತಿಲ್ಲ. ಅವ್ವ ಜ್ವರದಲ್ಲಿ ಮಲಗಿದರೆ ಶಾಲೆ ತಪ್ಪಿಸುತ್ತಿದ್ದವಳು ಮನೆಯ ಹಿರಿ ಮಗಳೇ. ಹಾಜರಿ ಪಟ್ಟಿಯಲ್ಲಿ ಹೆಣ್ಣುಮಕ್ಕಳ ಹೆಸರಿನ ಮುಂದೆ ಬಿದ್ದ ಗೈರುಹಾಜರಿಯ ಗುರುತುಗಳಲ್ಲಿ ಎಷ್ಟೋ ದಂದಕ್ಕಿಯ ಲೆಕ್ಕಕ್ಕೆ ಸೇರಬೇಕು.

ಇನ್ನು ಹಬ್ಬದ ಮಾತು. ಮಿರಜ, ಸಾಂಗಲಿ, ಕೊಲ್ಹಾಪುರದ ಪೂರ್ವ ಭಾಗದ ಎಷ್ಟೋ ಊರುಗಳಲ್ಲಿ ಜ್ಯೇಷ್ಠದ ಹುಣ್ಣಿಮೆಯ ಸುಮಾರಿಗೆ ಎತ್ತಿನ ಹಬ್ಬ ಬರುತ್ತದೆ. ಅದರ ಹೆಸರು ‘ಕರ್ನಾಟಕಿ ಬೇಂದೂರ’. ನಮ್ಮ ಕಾರಹುಣ್ಣಿಮೆಯೇ ಅದು. ಒಂದು ತಿಂಗಳ ನಂತರ ಆಷಾಢದಲ್ಲಿ ‘ಮಹಾರಾಷ್ಟ್ರ ಬೇಂದೂರ’. ಇನ್ನೂ ಉತ್ತರಕ್ಕೆ ಹೋದರೆ ಶ್ರಾವಣದ ಅಮಾವಾಸ್ಯೆಗೆ ಪೋಳಾ. ಮಿರಜ, ಸಾಂಗಲಿ ಪಟವರ್ಧನರ ಸಂಸ್ಥಾನಗಳಾಗಿದ್ದವು, 1948ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿದವು. ಬೆಳಗಾವಿ, ವಿಜಾಪುರ ಜಿಲ್ಲೆಗಳೂ ಆಗ ಅದೇ ಪ್ರಾಂತದಲ್ಲಿದ್ದವು. 1956ರ ನವೆಂಬರ್ 1ರಂದು ಅವು ಮೈಸೂರು ರಾಜ್ಯಕ್ಕೆ ಹೋದವು, 1960ರ ಮೇ 1ರಂದು ನಾವು ಮಹಾರಾಷ್ಟ್ರದವರಾದೆವು. ಗೆರೆ ಬಿದ್ದದ್ದು ಕಾಗದದ ಮೇಲೆ. ಎತ್ತಿನ ಹಬ್ಬದ ದಿನ ಮಾತ್ರ ಬದಲಾಗಲಿಲ್ಲ.

ಅಂದು ಎತ್ತಿಗೆ ನೊಗ ಹೂಡುವುದಿಲ್ಲ. ಮೈ ತೊಳೆದು, ಕೊಂಬು ಸವರಿ, ಹುರಮಂಜಿ ಹಚ್ಚಿ, ಹೊಸ ಮೂಗುದಾಣ ಹಾಕಿ, ಹೋಳಿಗೆ ತಿನ್ನಿಸಿ, ಸಂಜೆ ಕರಿ ಹರಿಯುವುದು. (ಹುರಮಂಜಿ ಎಂಬ ಕೆಂಪು ಬಣ್ಣದ ಹೆಸರು ಬಂದದ್ದು ಪರ್ಷಿಯಾ ಕೊಲ್ಲಿಯ ಹೊರ್ಮುಜ್‌ನಿಂದ. ನಮ್ಮೂರ ಎತ್ತಿನ ಕೊಂಬಿಗೂ ಸಮುದ್ರದಾಚೆಯ ನಂಟು!) ಮುಂದಿನ ಅಮಾವಾಸ್ಯೆಗೆ ಮಣ್ಣೆತ್ತು. ಚಿಂಚಲಿ ಮಾಯಕ್ಕನ ಜಾತ್ರೆ ಬಂದಾಗ ಈ ಕಡೆಯ ಚಕ್ಕಡಿಗಳು ಆ ಕಡೆ ಹೋಗುತ್ತವೆ, ಜತ್ತದ ಯಲ್ಲಮ್ಮನ ಜಾತ್ರೆಗೆ ಆ ಕಡೆಯ ಖಿಲಾರಿ ಎತ್ತುಗಳು ಈ ಕಡೆ ಬರುತ್ತವೆ.

ಖಿಲಾರಿ ಕಡಿಮೆಯಾದದ್ದು ಒಮ್ಮೆಲೇ ಅಲ್ಲ. ಮೊದಲು ಬಾವಿಯ ಮೋಟ ಹೋಗಿ ಕರೆಂಟಿನ ಪಂಪು ಬಂತು. ಆಮೇಲೆ ಟ್ರ್ಯಾಕ್ಟರ್. ಜೋಳದ ಹೊಲಕ್ಕೆ ಕಬ್ಬು ಬಂದ ಮೇಲೆ ಕಣಿಕೆಯ ಬಣವಿಯೂ ಹೋಯಿತು, ದನಕ್ಕೆ ಕಬ್ಬಿನ ವಾಡೆ ಬಂತು. ಮ್ಹೈಸಾಳದಿಂದ ಎತ್ತಿದ ಕೃಷ್ಣೆಯ ನೀರು ಜತ್ತದ ಒಣಭೂಮಿಗೂ ಹೋಗುತ್ತದೆ, ಅಲ್ಲಿಯೂ ಇದೇ ಕಥೆ. ಓಟದ ಶರ್ಯತ್ತಿಗಾದರೂ ಎತ್ತು ಉಳಿದಾವು ಎಂದರೆ 2014ರಲ್ಲಿ ಸುಪ್ರೀಂ ಕೋರ್ಟ್ ತಡೆಯಿತು. 2021ರ ಡಿಸೆಂಬರಿನಲ್ಲಿ ಮತ್ತೆ ಅನುಮತಿ ಸಿಕ್ಕಿತು. ಶರ್ಯತ್ತಿನ ಎತ್ತು ಹೆಂಟೆ ಒಡೆಯುವ ಎತ್ತಲ್ಲ ಬಿಡಿ, ಅದು ಪೈಲ್ವಾನ.

ಎಮ್ಮೆ ಮಾತ್ರ ಉಳಿದುಕೊಂಡಿತು, ಡೇರಿಯ ದೆಸೆಯಿಂದ. ಬೆನ್ನಿನವರೆಗೆ ಕತ್ತಿಯಂತೆ ಚಾಚಿದ ಕೊಂಬಿನ ಪಂಢರಪುರಿ ಎಮ್ಮೆ ಈ ಸೀಮೆಯದೇ ತಳಿ. ಕೊಲ್ಹಾಪುರದಲ್ಲಿ ಅದನ್ನು ಬೀದಿಗೇ ತಂದು ಗಿರಾಕಿಯ ಎದುರೇ ಹಿಂಡಿ ಕೊಡುವ ರೂಢಿ. ನೀರು ಬೆರೆಸಿದ ಅನುಮಾನಕ್ಕೇ ಜಾಗವಿಲ್ಲ.

2005, 2019ರ ಮಹಾಪೂರಗಳಲ್ಲಿ ಇನ್ನೊಂದು ಕಂಡೆವು. 2019ರ ಆಗಸ್ಟಿನಲ್ಲಿ ಸಾಂಗಲಿಯ ಆಯರ್ವಿನ್ ಸೇತುವೆಯ ಬಳಿ ನೀರು 57 ಅಡಿ ಮುಟ್ಟಿದಾಗ, ಹೊಳೆ ದಂಡೆಯ ಎಷ್ಟೋ ಜನ ದನ ಬಿಟ್ಟು ದೋಣಿ ಹತ್ತಲು ಒಪ್ಪಲಿಲ್ಲ. ಹೊರಗಿನವರು ಇದನ್ನು ಹಟ ಎಂದರು. ಮುಳುಗುವುದು ಗೊತ್ತಾದಾಗ ಕಣ್ಣಿ ಬಿಚ್ಚಿಬಿಟ್ಟವರ ಮುಖ ನೋಡಿದವರು ಹಾಗೆನ್ನಲಾರರು.

ಆ ಪ್ರಶ್ನೆ ಕೇಳಿದ ಮರುವಾರ ಮಕ್ಕಳಿಗೆ ಒಂದು ಕೆಲಸ ಕೊಟ್ಟೆವು: ಅಜ್ಜಿಯನ್ನು ಕೇಳಿ ದಂದಕ್ಕಿಯ ಶಬ್ದ ಬರೆದುಕೊಂಡು ಬನ್ನಿ. ಗೋದಲಿ, ಕಣ್ಣಿ, ಬಾರಕೋಲು, ಜತ್ತಗಿ ಎಲ್ಲ ಬಂದವು. ‘ಮಣಕ’ ಎಂದರೆ ಎಷ್ಟು ವಯಸ್ಸಿನ ಕರು ಎಂಬ ಬಗ್ಗೆ ಇಬ್ಬರು ಅಜ್ಜಿಯರ ನಡುವೆ ಇನ್ನೂ ಜಗಳವಿದೆ.